ಶಾಲೆಯ ಓದಿಲ್ಲದವರ ಏಳಿಗೆಯೂ ಭೂಮಾಲೀಕರ ಕರ್ತವ್ಯವೂ

ಬೆಂಗಳೂರಿನ ಉತ್ತರ ಭಾಗವು ವ್ಯವಸಾಯ ವಿದ್ಯೆಗೆ ತೌರುಮನೆಯೆನ್ನಬಹುದು. ಹೆಬ್ಬಾಳದಲ್ಲಿ 1899ರಲ್ಲಿ ಪ್ರಯೋಗ ಕ್ಷೇತ್ರವೂ, ಡಾಕ್ಟರ್ ಲೆಸ್ಲಿ ಕೋಲ್ಮನ್ ರವರ ಕಾಲದಲ್ಲಿ, ಎಂದರೆ 1913ರಲ್ಲಿ, ವ್ಯವಸಾಯದ ಶಾಲೆಯೂ, 1946ರಲ್ಲಿ ಕಾಲೇಜೂ ಸ್ಥಾಪಿತವಾದುವು. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವು ಆರಂಭವಾಯಿತು. ಇವುಗಳಿಂದ ನಾಡಿಗೆ ಮಹದುಪಕಾರವಾಗಿರುವುದರಲ್ಲಿ ಸಂದೇಹವಿಲ್ಲ. ಆದರೂ ಯಲಹಂಕ, ದೇವನಹಳ್ಳಿ ಸೀಮೆಯ ತೋಟಗಳಲ್ಲಿ ದ್ರಾಕ್ಷಿಯ ಬಳ್ಳಿ ಸವರುವವರು, ಸಸಿಮಡಿಗಳಲ್ಲಿ ಕಸಿ ಕಟ್ಟುವವರು, ಇವರಲ್ಲಿ ಅನೇಕರು ಯಾವ ಶಾಲೆಯ ಬಾಗಿಲನ್ನೂ ದಾಟಿದವರಲ್ಲ. ಇಂತಹವರು ತಮ್ಮ ಕಸುಬಿನಲ್ಲಿ ಮೇಲಕ್ಕೆ ಬರುವುದು ಯಾವುದರಿಂದ ಎಂಬುದು ವಿಚಾರಮಾಡತಕ್ಕ ವಿಷಯವಾಗಿದೆ. ಕರಾವಳಿಯ ಜಿಲ್ಲೆಗಳಲ್ಲಿ ಇದಕ್ಕೆ ಎರಡು ಉತ್ತಮ ನಿದರ್ಶನಗಳು ದೊರೆಯುತ್ತವೆ.

ಗುಡ್ಡವನ್ನು ಕೊರೆದು ನೀರು ತಂದವರು

ದಕ್ಷಿಣ ಕನ್ನಡ ಜಿಲ್ಲೆ, ಬಂಟ್ವಾಳ ತಾಲ್ಲೂಕು, ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಅಡಿಕೆ, ತೆಂಗಿನ ಮರಗಳನ್ನೇರುವ ಕೂಲಿಯಾಗಿದ್ದರು. ಶಾಲೆಯ ಓದು ಅವರಿಗೆ ದೊರೆತಿರಲಿಲ್ಲ. ಇವರ ಪ್ರಾಮಾಣಿಕತೆಯನ್ನು ಕಂಡ ಜಮೀನುದಾರರೊಬ್ಬರು 1978ರಲ್ಲಿ 2 ಎಕರೆ ಗುಡ್ಡದ ನೆಲವನ್ನು ಕೊಟ್ಟರು. ಅದು ಬರಡು, ನೀರಿನ ಸೌಕರ್ಯವಿರಲಿಲ್ಲ. ಬಾವಿ ತೋಡಿಸಲು ಹಣವಿರಲಿಲ್ಲ.

ಆ ಸೀಮೆಯಲ್ಲಿ ಸುರಂಗವೆಂಬ ಹಳೆಯ ಪದ್ಧತಿಯುಂಟು. ಮುರಕಲ್ಲಿನ ಗುಡ್ಡವನ್ನು ಅಡ್ಡವಾಗಿ ಕೊರೆದುಕೊಂಡು ಹೋದರೆ, ಒಳಗಿನ ಒಸರು ತಾನಾಗಿಯೇ ಹೊರಗೆ ಹರಿದುಬರುತ್ತದೆ. ಪಂಪಾಗಲಿ ವಿದ್ಯುಚ್ಛಕ್ತಿಯಾಗಲಿ ಬೇಕಾಗುವುದಿಲ್ಲ. ನಾಯ್ಕರು ಹಗಲು ಕೂಲಿ ಮುಗಿಸಿ, ಸಂಜೆಯ ಮೇಲೆ ದೀಪದ ಬೆಳಕಿನಲ್ಲಿ ಒಬ್ಬರೇ ಕೊರೆಯತೊಡಗಿದರು. ವರ್ಷಗಟ್ಟಲೆ ದುಡಿದರೂ ಒಂದರ ಮೇಲೊಂದು ಸುರಂಗವು ಬರಿದಾಯಿತು. ನೆರೆಹೊರೆಯವರು ನಕ್ಕರು. ಅವರು ಗುದ್ದಲಿಯನ್ನು ಕೆಳಗಿಡಲಿಲ್ಲ. ಕಡೆಗೆ ನೀರು ಬಂದಿತು. ಬರಡು ಗುಡ್ಡವು ಅಡಿಕೆ, ತೆಂಗು, ಬಾಳೆಗಳ ತೋಟವಾಯಿತು. 2022ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತಿತು.

ಬೀಜವನ್ನರಿತ ತಾಯಿ

ಉತ್ತರ ಕನ್ನಡದ ಅಂಕೋಲಾ ತಾಲ್ಲೂಕು ಹೊನ್ನಳ್ಳಿಯ ತುಳಸಿ ಗೌಡರು ಹಾಲಕ್ಕಿ ಒಕ್ಕಲಿಗರ ಬಡ ಕುಟುಂಬದಲ್ಲಿ ಜನಿಸಿ, ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡರು. ಓದುವ ಯೋಗವಿಲ್ಲದೆ ತಾಯಿಯೊಡನೆ ಅರಣ್ಯ ಇಲಾಖೆಯ ಸಸಿಮಡಿಗೆ ಕೂಲಿಗೆ ಹೋದರು. ಕಾಡಿನಲ್ಲಿ ಯಾವ ಮರವು ಬೀಜಕ್ಕೆ ಯೋಗ್ಯವಾದ ತಾಯಿಮರ, ಬೀಜವನ್ನು ಯಾವಾಗ ಆರಿಸಬೇಕು, ಯಾವುದನ್ನು ಹೇಗೆ ಮೊಳೆಯಿಸಬೇಕು ಎಂಬುದನ್ನು ಅವರು ನೋಡಿಯೂ ಮಾಡಿಯೂ ಕಲಿತರು. ಉತ್ತಮ ತಾಯಿಮರದ ಬೀಜದಿಂದಲೇ ಉತ್ತಮ ಸಸಿಯೆಂಬುದು ಸಸ್ಯಶಾಸ್ತ್ರದ ತತ್ತ್ವವಷ್ಟೆ. ಅದು ಆಕೆಯ ಕೈಯಲ್ಲಿತ್ತು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ದಿನಗೂಲಿಯಲ್ಲಿ ದುಡಿದ ಬಳಿಕ ಇಲಾಖೆಯು ಅವರ ಅರಿವನ್ನು ಮನ್ನಿಸಿ ನೌಕರಿಯನ್ನು ಖಾಯಂ ಮಾಡಿತು. 2021ರ ನವೆಂಬರಿನಲ್ಲಿ ಬರಿಗಾಲಿನಲ್ಲೇ ರಾಷ್ಟ್ರಪತಿಗಳಿಂದ ಪದ್ಮಶ್ರೀಯನ್ನು ಸ್ವೀಕರಿಸಿದ ಅವರು 2024ರ ಡಿಸೆಂಬರಿನಲ್ಲಿ ಕಾಲವಾದರು.

ಏಳಿಗೆಯ ಕಾರಣಗಳು

ಇಬ್ಬರೂ ಹಲವು ಕೆಲಸಗಳಿಗೆ ಕೈಹಾಕದೆ ಒಂದೇ ಕೆಲಸದಲ್ಲಿ ನಿಂತರು. ಕಣ್ಣಿಗೆ ಬಿದ್ದುದನ್ನು ಮನಸ್ಸಿನಲ್ಲಿಟ್ಟು, ಮುಂದಿನ ಸಲ ಅದನ್ನು ಒರೆಗೆ ಹಚ್ಚಿದರು. ನಷ್ಟವಾದಾಗ ಎದೆಗುಂದಲಿಲ್ಲ. ಇವು ಕೆಲಸಗಾರನ ಗುಣಗಳು. ಆದರೆ ಇವು ಮಾತ್ರ ಸಾಲವು. ನೆಲ ದೊರೆಯದಿದ್ದರೆ ನಾಯ್ಕರ ಗುದ್ದಲಿಗೆ ಸ್ವಂತದ ಗುಡ್ಡವಿರುತ್ತಿರಲಿಲ್ಲ. ತುಳಸಿ ಗೌಡರಿಗಾದರೋ ಮನ್ನಣೆಯು ಬಹಳ ತಡವಾಗಿ ಬಂದಿತು. ಕೆಲಸಗಾರನ ಗುಣಕ್ಕೆ ಯಜಮಾನನ ಗುಣಗ್ರಾಹಿತ್ವವು ಸೇರಿದಲ್ಲಿ ಮಾತ್ರ ಏಳಿಗೆಯುಂಟು.

ಓದಿಲ್ಲದಿರುವುದು ಮೇಲೆಂದು ಇದರಿಂದ ತಿಳಿಯಲಾಗದು. ಅಕ್ಷರ ಬಾರದವನು ಲೆಕ್ಕದಲ್ಲಿ ಮೋಸಹೋಗುವನು. ಔಷಧದ ಡಬ್ಬಿಯ ಬರಹವನ್ನು ಓದಲಾರನು. ಕೀಟನಾಶಕದ ಡಬ್ಬಿಯ ಮೇಲಿನ ಬಣ್ಣದ ಗುರುತನ್ನಾದರೂ ಅವನಿಗೆ ಕಲಿಸಬೇಕು: ಕೆಂಪು ಅತ್ಯಂತ ವಿಷ, ಹಳದಿ ಅದಕ್ಕಿಂತ ಕಡಿಮೆ, ನೀಲಿ ಮಧ್ಯಮ, ಹಸಿರು ಅಲ್ಪ. ಹಸಿರೆಂದು ಬರಿಗೈಯಲ್ಲಿ ಮುಟ್ಟತಕ್ಕುದಲ್ಲ.

ಮುಖಂಡರೂ ಭೂಮಾಲೀಕರೂ ಮಾಡತಕ್ಕುದು

ಪ್ರತಿ ಗ್ರಾಮದಲ್ಲಿಯೂ ಕಸಿ, ಬೀಜ, ನೀರು, ದನಕರುಗಳ ವಿಷಯದಲ್ಲಿ ಕೈಪಳಗಿದ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರನ್ನು ಹುಡುಕಿ ಗುರುತಿಸಬೇಕು. ಕುಶಲ ಕೆಲಸಕ್ಕೆ ಸಾಮಾನ್ಯ ಕೂಲಿಗಿಂತ ಹೆಚ್ಚು ಕೊಡಬೇಕು. ತೋಟದ ಒಂದು ಭಾಗದ ಹೊಣೆಯನ್ನು ಅವರಿಗೇ ವಹಿಸಿ, ಬೆಳೆಯ ವಿಷಯದಲ್ಲಿ ಅವರ ಅಭಿಪ್ರಾಯವನ್ನು ಕೇಳಬೇಕು. ದೊಡ್ಡಬಳ್ಳಾಪುರ ತಾಲ್ಲೂಕು ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದ ತರಬೇತಿಗೂ, ಹೆಬ್ಬಾಳದ ಬಳಿಯ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ನಡೆಯುವ ಕೃಷಿ ಮೇಳಕ್ಕೂ ಯಜಮಾನರು ತಾವು ಮಾತ್ರ ಹೋಗದೆ ಅವರನ್ನೂ ಕರೆದೊಯ್ಯಬೇಕು. ಅವರ ಮಕ್ಕಳನ್ನು ತಪ್ಪದೆ ಶಾಲೆಗೆ ಸೇರಿಸಬೇಕು.

ಯಲಹಂಕ, ಹೆಬ್ಬಾಳಗಳ ಹೊಲಗಳು ಅನೇಕವು ಬಡಾವಣೆಗಳಾಗಿವೆ. ಹೊಲದೊಡನೆ ಅದನ್ನು ಬಲ್ಲ ಕೈಯೂ ಕಾವಲುಗಾರಿಕೆಗೋ ಗಾರೆ ಕೆಲಸಕ್ಕೋ ಹೊರಟುಹೋದರೆ, ಉಳಿದ ತೋಟಗಳನ್ನು ನೋಡಿಕೊಳ್ಳುವವರು ಸಿಕ್ಕುವುದಿಲ್ಲ. ಆದುದರಿಂದ ಕುಶಲಿಯಾದ ಕೆಲಸಗಾರನನ್ನು ಉಳಿಸಿಕೊಳ್ಳುವುದು ಧರ್ಮವೂ ಹೌದು, ಭೂಮಾಲೀಕರಿಗೆ ಲಾಭವೂ ಹೌದು.