ಗಡಿಭಾಗದಲ್ಲಿ ಅಂತರರಾಷ್ಟ್ರೀಯ ಶಿಕ್ಷಣ ಮತ್ತು ಶಿಕ್ಷಕರ ಪ್ರಾದೇಶಿಕ ಸಂಘಟನೆ: ಬೆಳಗಾವಿ–ಖಾನಾಪುರ ಪ್ರದೇಶವನ್ನು ಕುರಿತು

ಪೀಠಿಕೆ

ಕರ್ನಾಟಕದ ಶಿಕ್ಷಣ ಸಂಸ್ಥೆಗಳ ಚರಿತ್ರೆಯನ್ನು ಕುರಿತ ಬರಹಗಳಲ್ಲಿ ದಾನಿಗಳು, ಕಟ್ಟಡಗಳು ಹಾಗೂ ಪದವಿಗಳ ವಿವರಗಳು ಹೇರಳವಾಗಿ ದೊರೆಯುತ್ತವೆ. ಕಲಿಸುವವರು ತಮ್ಮ ವೃತ್ತಿಯ ನೆಲೆಯಲ್ಲಿ ಹೇಗೆ ಒಂದುಗೂಡಿದರು ಎಂಬ ಪ್ರಶ್ನೆಗೆ ಅಷ್ಟು ಗಮನ ಸಂದಿಲ್ಲ. ಹೊರದೇಶದ ವಿದ್ಯಾರ್ಥಿಗಳು ನಮ್ಮ ಊರುಗಳಿಗೆ ಬಂದು ಕಲಿಯುತ್ತಿರುವ ಈ ಕಾಲದಲ್ಲಿ ಈ ಪ್ರಶ್ನೆಗೆ ಹೊಸ ಮಹತ್ವ ಬಂದಿದೆ. ಅಂತರರಾಷ್ಟ್ರೀಯ ಶಿಕ್ಷಣದಲ್ಲಿ ತೊಡಗಿದವರ ಪ್ರಾದೇಶಿಕ ಸಂಘಟನೆಯೆಂದರೇನು, ಬೆಳಗಾವಿ ನಗರ ಹಾಗೂ ಖಾನಾಪುರ ತಾಲ್ಲೂಕಿನ ಸಂದರ್ಭದಲ್ಲಿ ಅದರ ಸ್ವರೂಪ ಹೇಗಿರಬೇಕು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರಿಕಲ್ಪನೆಯ ವ್ಯಾಪ್ತಿ

ಅಂತರರಾಷ್ಟ್ರೀಯ ಶಿಕ್ಷಣದ ವೃತ್ತಿಯಲ್ಲಿರುವವರು ಅಧ್ಯಾಪಕರು ಮಾತ್ರವಲ್ಲ. ವಿದೇಶಿ ವಿದ್ಯಾರ್ಥಿಗಳ ಪ್ರವೇಶ, ವೀಸಾ ಹಾಗೂ ಪೊಲೀಸ್ ನೋಂದಣಿಯ ಕೆಲಸ ನೋಡುವ ಸಿಬ್ಬಂದಿ, ವಸತಿನಿಲಯದ ಮೇಲ್ವಿಚಾರಕರು, ಭಾಷಾ ಬೋಧಕರು, ಆಪ್ತಸಲಹೆ ನೀಡುವವರು ಎಲ್ಲರೂ ಈ ವರ್ಗಕ್ಕೆ ಸೇರುತ್ತಾರೆ. ಇವರ ಸಂಘಟನೆ ಅಮೆರಿಕೆಯಲ್ಲಿ 1948ರಷ್ಟು ಹಿಂದೆಯೇ ಆರಂಭವಾಯಿತು. ವಿದೇಶಿ ವಿದ್ಯಾರ್ಥಿಗಳ ಸಲಹೆಗಾರರ ಸಂಘವಾಗಿ ಹುಟ್ಟಿದ ‘ನಾಫ್ಸಾ’ ಮುಂದೆ ದೇಶವನ್ನು ಹಲವು ವಲಯಗಳಾಗಿ ವಿಂಗಡಿಸಿಕೊಂಡು ಬೆಳೆಯಿತು. ಯುರೋಪಿನಲ್ಲಿ 1989ರಲ್ಲಿಯೂ ಏಷ್ಯಾ–ಪೆಸಿಫಿಕ್ ಭಾಗದಲ್ಲಿ 2004ರಲ್ಲಿಯೂ ಇದೇ ಬಗೆಯ ಸಂಘಗಳು ರೂಪುಗೊಂಡವು.

ಇಲ್ಲಿ ‘ಪ್ರಾದೇಶಿಕ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಸದಸ್ಯರು ನೆಲೆಸಿ ದುಡಿಯುವ ಪ್ರದೇಶ ಒಂದು. ವಿದ್ಯಾರ್ಥಿಗಳು ಬರುವ ಜಗತ್ತಿನ ಭಾಗ ಇನ್ನೊಂದು. ಸಾಮಾನ್ಯವಾಗಿ ಎರಡನೆಯದಕ್ಕೆ ಹೆಚ್ಚಿನ ಗಮನ ಸಲ್ಲುತ್ತದೆ. ಬೆಳಗಾವಿಯಂತಹ ಬಹುಭಾಷಿಕ ಗಡಿಪ್ರದೇಶದಲ್ಲಿ ಮೊದಲನೆಯದನ್ನು ಮರೆತ ಸಂಘಟನೆಗೆ ಬೇರುಗಳಿರುವುದಿಲ್ಲ.

ಪೂರ್ವಪರಂಪರೆ

ಹೊರಗಿನಿಂದ ಬಂದ ಶಿಕ್ಷಕರು ಈ ಪ್ರದೇಶಕ್ಕೆ ಹೊಸಬರಲ್ಲ. ಲಂಡನ್ ಮಿಷನ್ 1820ರಲ್ಲಿಯೇ ಬೆಳಗಾವಿಯಲ್ಲಿ ನೆಲೆಯೂರಿತು. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ ಬಂದಿತು. ಕಲಿಸಬಂದ ಇವರು ಮೊದಲು ಕಲಿಯಬೇಕಾಯಿತು. 1853ರಲ್ಲಿ ಕನ್ನಡ ನಾಡಿಗೆ ಬಂದ ಫರ್ಡಿನಾಂಡ್ ಕಿಟೆಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾದುದು ಆ ಕಲಿಕೆಯ ಹಿರಿಯ ಫಲ.

ಶಿಕ್ಷಕರೇ ಮುಂದಾಗಿ ಕಟ್ಟಿದ ಪ್ರಾದೇಶಿಕ ಸಂಘಟನೆಗೆ ಅತ್ಯುತ್ತಮ ನಿದರ್ಶನ ದೊರೆಯುವುದು 1916ರಲ್ಲಿ. ಆಗ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಧಾರವಾಡದ ಕರ್ನಾಟಕ ಕಾಲೇಜು ಇನ್ನೂ ಆರಂಭವಾಗಿರಲಿಲ್ಲ. ಉನ್ನತ ಶಿಕ್ಷಣಕ್ಕಾಗಿ ಈ ಭಾಗದ ತರುಣರು ಪುಣೆ, ಮುಂಬಯಿಗಳ ದಾರಿ ಹಿಡಿಯಬೇಕಿತ್ತು. ಇಂತಹ ಸನ್ನಿವೇಶದಲ್ಲಿ ಶಿ.ಶಿ. ಬಸವನಾಳ, ಎಂ.ಆರ್. ಸಾಖರೆ, ಬಿ.ಬಿ. ಮಮದಾಪುರ ಮೊದಲಾದ ಏಳು ಮಂದಿ ಸೇರಿ 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಶಾಲೆಯೊಂದನ್ನು ತೆರೆದರು. ಕೆ.ಎಲ್.ಇ. ಸಂಸ್ಥೆಯ ಉಗಮ ಇದು. ಜನ ಈ ಏಳು ಮಂದಿಯನ್ನು ‘ಸಪ್ತರ್ಷಿಗಳು’ ಎಂದು ಕರೆದರು. 1884ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಡೆಕ್ಕನ್ ಎಜ್ಯುಕೇಶನ್ ಸೊಸೈಟಿಯ ಮಾದರಿ ಇವರ ಕಣ್ಣಮುಂದಿತ್ತು. ಅಲ್ಪ ವೇತನಕ್ಕೆ ಒಪ್ಪಿ, ಸಂಸ್ಥೆಗೇ ಕಟ್ಟುಬಿದ್ದು ದುಡಿಯುವ ಆಜೀವ ಸದಸ್ಯತ್ವವೇ ಆ ಮಾದರಿಯ ತಿರುಳು.

ಈ ಘಟನೆಯಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಸಂಘಟನೆಯ ಕೇಂದ್ರದಲ್ಲಿ ಇದ್ದವರು ದಾನಿಗಳಲ್ಲ, ಶಿಕ್ಷಕರು. ದಾನಿಗಳ ನೆರವು ಅವರ ಕಾರ್ಯವನ್ನು ಹಿಂಬಾಲಿಸಿ ಬಂದಿತು. ಎರಡನೆಯದಾಗಿ, ಮಾದರಿ ಹೊರಗಿನದಾದರೂ ಅಗತ್ಯ ಸ್ಥಳೀಯವಾದುದು. ತಮ್ಮ ಪ್ರದೇಶದ ಕೊರತೆಯೇನು ಎಂಬುದು ಅವರಿಗೆ ಸ್ಪಷ್ಟವಾಗಿತ್ತು. ಶಿರಸಂಗಿ ಲಿಂಗರಾಜ ದೇಸಾಯಿಯವರ ಹೆಸರಿನ ಲಿಂಗರಾಜ ಕಾಲೇಜು 1933ರಲ್ಲಿಯೂ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯ 1963ರಲ್ಲಿಯೂ ಇದೇ ಬುನಾದಿಯ ಮೇಲೆ ಎದ್ದವು.

ಹೊರನಾಡಿನ ವಿದ್ಯಾರ್ಥಿ, ಹಳ್ಳಿಯ ರೋಗಿ

ಇಂದು ಬೆಳಗಾವಿ ಮೂರು ವಿಶ್ವವಿದ್ಯಾಲಯಗಳ ಕೇಂದ್ರಸ್ಥಾನ. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು, 2006ರಲ್ಲಿ ಕೆ.ಎಲ್.ಇ. ಸಂಸ್ಥೆಯ ಉನ್ನತ ಶಿಕ್ಷಣ ವಿಭಾಗಕ್ಕೆ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನ ದೊರೆಯಿತು. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆರಂಭವಾಯಿತು. ಅದೇ 2010ರಲ್ಲಿ ಮಲೇಷ್ಯಾದ ಯೂನಿವರ್ಸಿಟಿ ಸೈನ್ಸ್ ಮಲೇಷ್ಯಾ ಹಾಗೂ ಕೆ.ಎಲ್.ಇ. ವಿಶ್ವವಿದ್ಯಾಲಯಗಳ ಸಹಯೋಗದಲ್ಲಿ ವೈದ್ಯಕೀಯ ಶಿಕ್ಷಣದ ಕಾರ್ಯಕ್ರಮವೊಂದು ಬೆಳಗಾವಿಯಲ್ಲಿ ಪ್ರಾರಂಭಗೊಂಡಿತು. ಪಠ್ಯಕ್ರಮ ಮತ್ತು ಪದವಿ ಒಂದು ದೇಶದ್ದು, ಬೋಧನೆ ಇನ್ನೊಂದು ದೇಶದಲ್ಲಿ ಎಂಬ ಈ ವ್ಯವಸ್ಥೆ ಗಡಿಭಾಗದ ಶಿಕ್ಷಣ ಚರಿತ್ರೆಯಲ್ಲಿ ಗಮನಾರ್ಹವಾದುದು.

ವೈದ್ಯಕೀಯ ವಿದ್ಯಾರ್ಥಿಯ ಕಲಿಕೆ ಗ್ರಂಥದಲ್ಲಿ ಮುಗಿಯುವುದಿಲ್ಲ. ರೋಗಿಯ ಬಾಯಿಂದ ರೋಗದ ವೃತ್ತಾಂತವನ್ನು ಕೇಳಿ ತಿಳಿಯುವುದು ಅದರ ಮೊದಲ ಮೆಟ್ಟಿಲು. ಬೆಳಗಾವಿಯ ಆಸ್ಪತ್ರೆಗಳಿಗೆ ಸುತ್ತಲಿನ ತಾಲ್ಲೂಕುಗಳ ಜನ ಬರುತ್ತಾರೆ. ಖಾನಾಪುರ ತಾಲ್ಲೂಕೊಂದನ್ನೇ ನೋಡಿದರೂ, ಪಾರಿಶ್ವಾಡ, ಇಟಗಿಗಳ ಕಡೆಯ ಬಯಲುಸೀಮೆಯಲ್ಲಿ ಕನ್ನಡದ ಬಳಕೆ ಹೆಚ್ಚು. ಪಶ್ಚಿಮದ ಕಾಡಂಚಿನ ಊರುಗಳಲ್ಲಿ ಮರಾಠಿಯದು ಹೆಚ್ಚು. ಪಾರಿಶ್ವಾಡದ ಕಡೆಯ ಹಿರಿಯರೊಬ್ಬರು ‘ಜ್ವರ ಬಂದಾವ್ರೀ, ಹೊಟ್ಟಿ ಕಡೀತೈತ್ರೀ’ ಎಂದರೆ, ‘ಜ್ವರ ಬಂದಿದೆ, ಹೊಟ್ಟೆ ನೋಯುತ್ತಿದೆ’ ಎಂಬ ಗ್ರಾಂಥಿಕ ವಾಕ್ಯಗಳನ್ನಷ್ಟೇ ಅಭ್ಯಾಸ ಮಾಡಿದ ವಿದ್ಯಾರ್ಥಿ ತಬ್ಬಿಬ್ಬಾಗುವುದು ಸಹಜ. ಜ್ವರಕ್ಕೆ ಬಹುವಚನದ ಕ್ರಿಯಾಪದ ಏಕೆ, ‘ಕಡಿ’ ಎಂದರೆ ನಾಯಿ ಕಡಿತವೇ, ಹೊಟ್ಟೆಯ ಸೆಳೆತವೇ ಎಂಬುದನ್ನು ಸಾಮಾನ್ಯ ಪಠ್ಯ ತಿಳಿಸುವುದಿಲ್ಲ. ಇಲ್ಲಿ ಆಗುವ ತಪ್ಪು ವ್ಯಾಕರಣದ ತಪ್ಪಾಗಿ ಉಳಿಯದು. ಅದರ ಪರಿಣಾಮ ರೋಗಿಯ ದೇಹದ ಮೇಲಾಗುತ್ತದೆ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಕನ್ನಡ ಬಾರದವರಿಗೆ ‘ಬಳಕೆ ಕನ್ನಡ’ವನ್ನೂ ಬಲ್ಲವರಿಗೆ ‘ಸಾಂಸ್ಕೃತಿಕ ಕನ್ನಡ’ವನ್ನೂ ಪಠ್ಯವಾಗಿ ರೂಪಿಸಿದೆ. ಇದು ಸ್ತುತ್ಯವಾದ ಹೆಜ್ಜೆ. ಆದರೆ ರಾಜ್ಯಕ್ಕೆಲ್ಲ ಒಂದೇ ಆಗಿರುವ ಪಠ್ಯ ಪ್ರತಿಯೊಂದು ಸೀಮೆಯ ಆಡುನುಡಿಯನ್ನು ಒಳಗೊಳ್ಳಲಾರದು. ಒಂದೊಂದು ಕಾಲೇಜು ಪ್ರತ್ಯೇಕವಾಗಿ ಈ ಕೊರತೆಯನ್ನು ತುಂಬುವುದೂ ಕಷ್ಟ. ಪ್ರಾದೇಶಿಕ ವೃತ್ತಿಸಂಘಟನೆಯ ಅವಶ್ಯಕತೆ ಹುಟ್ಟುವುದು ಇಲ್ಲಿಯೇ.

ಸಂಘಟನೆಯ ಸ್ವರೂಪ

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ವಿದೇಶಿ ವಿದ್ಯಾರ್ಥಿಗಳಿರುವ ಪ್ರತಿಯೊಂದು ಉನ್ನತ ಶಿಕ್ಷಣ ಸಂಸ್ಥೆಯಲ್ಲಿ ಅವರಿಗಾಗಿ ಪ್ರತ್ಯೇಕ ಕಚೇರಿಯೊಂದು ಇರಬೇಕೆಂದು ಸೂಚಿಸಿದೆ. ಕಚೇರಿ ಸಂಸ್ಥೆಗೆ ಸೇರಿದುದು. ಅನುಭವವಾದರೋ ಅಲ್ಲಿ ದುಡಿಯುವ ವ್ಯಕ್ತಿಗೆ ಸೇರಿದುದು. ಆ ವ್ಯಕ್ತಿ ವರ್ಗವಾದರೆ ಅಥವಾ ನಿವೃತ್ತನಾದರೆ ಅನುಭವವೂ ಅವನೊಂದಿಗೆ ಹೋಗುತ್ತದೆ. ಆದಕಾರಣ ಸದಸ್ಯತ್ವವು ಸಂಸ್ಥೆಗಳಿಗಲ್ಲದೆ ವ್ಯಕ್ತಿಗಳಿಗೆ ಸಲ್ಲುವುದು ಉಚಿತ. ಪ್ರಾಧ್ಯಾಪಕರಿಗೂ ವಸತಿನಿಲಯದ ಮೇಲ್ವಿಚಾರಕರಿಗೂ ಸಮಾನ ಸ್ಥಾನವಿರಬೇಕು. ವಿದ್ಯಾರ್ಥಿಯ ಆಹಾರ, ಅನಾರೋಗ್ಯ, ಒಂಟಿತನಗಳನ್ನು ಮೊದಲು ಅರಿಯುವವರು ಎರಡನೆಯವರೇ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಪ್ರಕಾರ ಸಂಘವೊಂದರ ನೋಂದಣಿಗೆ ಕನಿಷ್ಠ ಏಳು ಮಂದಿ ಸಾಕು. 1916ರಲ್ಲಿ ಒಂದುಗೂಡಿದವರೂ ಅಷ್ಟೇ ಮಂದಿ.

ಇಂತಹ ಸಂಘ ಕೈಗೊಳ್ಳಬೇಕಾದ ಮೊದಲ ಕಾರ್ಯ ಆಡುನುಡಿಯ ಕೈಪಿಡಿ. ಬೆಳಗಾವಿ ಸೀಮೆಯಲ್ಲಿ ನೋವು, ಜ್ವರ, ಹಸಿವು, ಭಯಗಳನ್ನು ಜನ ಹೇಗೆ ಹೇಳುತ್ತಾರೆ ಎಂಬುದನ್ನು ಕನ್ನಡ ಮತ್ತು ಮರಾಠಿ ಎರಡರಲ್ಲಿಯೂ ಸಂಗ್ರಹಿಸಿ, ವೈದ್ಯರಿಂದಲೂ ಭಾಷಾ ಬೋಧಕರಿಂದಲೂ ಪರಿಶೀಲಿಸಿ ಸಿದ್ಧಪಡಿಸುವುದು ಯಾವ ದೊಡ್ಡ ಅನುದಾನವನ್ನೂ ಬೇಡದು. ಎರಡನೆಯದು, ವಿದ್ಯಾರ್ಥಿಗಳ ತಾಯ್ನಾಡನ್ನು ಕುರಿತ ಅಧ್ಯಯನ: ಅಲ್ಲಿನ ಭಾಷೆ, ಹಬ್ಬ, ಊಟದ ಕಟ್ಟುಪಾಡು, ಪರೀಕ್ಷಾ ಪದ್ಧತಿಗಳ ಪರಿಚಯ. ಮೂರನೆಯದು, ಗಡಿಯಾಚೆಯ ಸಂಪರ್ಕ. 1962ರಲ್ಲಿ ಸ್ಥಾಪನೆಯಾದ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯವೂ 1985ರಲ್ಲಿ ಸ್ಥಾಪನೆಯಾದ ಗೋವಾ ವಿಶ್ವವಿದ್ಯಾಲಯವೂ ಬೆಳಗಾವಿಯಿಂದ ಸುಮಾರು ನೂರು ಕಿಲೋಮೀಟರು ಆಚೀಚೆ ಇವೆ. ರಾಜ್ಯಗಳ ಗಡಿ ವಿವಾದಕ್ಕೆ ಒಳಗಾದ ನೆಲದಲ್ಲಿ ಶಿಕ್ಷಕರ ವೃತ್ತಿಸಂಬಂಧವು ಆ ವಿವಾದದಿಂದ ಮುಕ್ತವಾಗಿ ಬೆಳೆಯಬಲ್ಲದು.

ಉಪಸಂಹಾರ

ಸಂಘಟನೆಗಳು ವಾರ್ಷಿಕ ಸಮ್ಮೇಳನ, ಸ್ಮರಣ ಸಂಚಿಕೆಗಳಲ್ಲಿ ಕೊನೆಗೊಳ್ಳುವ ಅಪಾಯ ಇದ್ದೇ ಇದೆ. 1916ರ ಶಿಕ್ಷಕರು ಆ ಅಪಾಯದಿಂದ ಪಾರಾದುದು, ಒಂದು ನಿರ್ದಿಷ್ಟ ಊರಿನ ನಿರ್ದಿಷ್ಟ ಕೊರತೆಯನ್ನು ತಮ್ಮ ಹೊಣೆಯೆಂದು ಒಪ್ಪಿಕೊಂಡ ಕಾರಣದಿಂದ. ಅಂದಿನ ಕೊರತೆ ಶಾಲೆಯದು. ಇಂದಿನದು ಹೊರದೇಶದ ವಿದ್ಯಾರ್ಥಿಗೂ ಹಳ್ಳಿಯ ಜನರಿಗೂ ನಡುವಣ ತಿಳಿವಳಿಕೆಯದು. ಪಾರಿಶ್ವಾಡದ ರೋಗಿಯ ಮಾತು ಮಲೇಷ್ಯಾದ ವಿದ್ಯಾರ್ಥಿಗೆ ಸರಿಯಾಗಿ ಅರ್ಥವಾಗುವಂತೆ ಮಾಡಬಲ್ಲ ಸಂಘಟನೆಯೇ ‘ಅಂತರರಾಷ್ಟ್ರೀಯ’ ಹಾಗೂ ‘ಪ್ರಾದೇಶಿಕ’ ಎಂಬ ಎರಡೂ ವಿಶೇಷಣಗಳಿಗೆ ಅರ್ಹವಾಗುತ್ತದೆ.