ಮನೆ ನೋಡಿಕೊಳ್ಳುವ ಅಪ್ಪ

ಹೆಂಡತಿ ಬೆಳಗಿನ ಬಸ್ಸಿಗೆ ಶಿರಸಿಯ ಕಚೇರಿಗೆ ಹೊರಟ ಮೇಲೆ ಸಿದ್ದಾಪುರದ ನಮ್ಮ ಮನೆಯಲ್ಲಿ ಮಗಳನ್ನು ನೋಡಿಕೊಳ್ಳುವವನು ನಾನು. ಹಾಗಾಗಿ 1983ರ ಅಮೆರಿಕದ ಸಿನಿಮಾ ‘ಮಿಸ್ಟರ್ ಮಾಮ್’ ನನಗೆ ಬಲು ಹತ್ತಿರದ್ದು. ಬರೆದವರು ಜಾನ್ ಹ್ಯೂಸ್, ನಿರ್ದೇಶಿಸಿದವರು ಸ್ಟ್ಯಾನ್ ಡ್ರಾಗೋಟಿ. ಡೆಟ್ರಾಯಿಟ್‌ನ ಕಾರು ಕಂಪನಿಯ ಎಂಜಿನಿಯರ್ ಜ್ಯಾಕ್ ಕೆಲಸ ಕಳೆದುಕೊಳ್ಳುತ್ತಾನೆ. ಹೆಂಡತಿ ಕ್ಯಾರೊಲಿನ್‌ಗೆ ಜಾಹೀರಾತು ಸಂಸ್ಥೆಯಲ್ಲಿ ನೌಕರಿ ಸಿಗುತ್ತದೆ. ಮನೆ, ಮೂರು ಮಕ್ಕಳು ಅವನ ಪಾಲಿಗೆ.

ಬಟ್ಟೆ ತೊಳೆಯುವ ಯಂತ್ರ ಅವನನ್ನು ಕಾಡುವಾಗ ಎಲ್ಲರೂ ನಗುತ್ತಾರೆ. ನನ್ನ ಮನಸ್ಸು ನಿಲ್ಲುವುದು ಬೇರೆ ಕಡೆ. ಹಳೆಯ ಹೊದಿಕೆಯನ್ನು ಬಿಟ್ಟಿರಲಾರದ ಮಗನನ್ನು ಕೂರಿಸಿಕೊಂಡು ಜ್ಯಾಕ್ ಸಮಾಧಾನದಿಂದ ಮಾತಾಡುತ್ತಾನೆ. ಜ್ಯಾಕ್‌ನ ಪಾತ್ರ ಮಾಡಿದ ಮೈಕೇಲ್ ಕೀಟನ್ ಅಲ್ಲಿ ನಿಜವಾದ ಅಪ್ಪ.

ನಮ್ಮ ಯಲ್ಲಾಪುರ, ಶಿರಸಿ ಕಡೆಯ ಮದುವೆಮನೆಗಳಲ್ಲೂ ನೂರಾರು ಜನರಿಗೆ ಅಡುಗೆ ಮಾಡುವವರು ಗಂಡಸರೇ. ಅದು ಗೌರವದ ಕೆಲಸ. ಅದೇ ಗಂಡಸು ಮನೆಯಲ್ಲಿ ಒಂದೆಲಗದ ತಂಬುಳಿ ಮಾಡಿ ಮಗುವಿಗೆ ಉಣಿಸಿದರೆ, “ನೌಕ್ರಿ ಬಿಟ್ಯನ ತಮಾ?” ಎಂಬ ಪ್ರಶ್ನೆ. ಅಡಿಕೆ ಕೊಯ್ಲಿನಲ್ಲಿ ರಾತ್ರಿಯವರೆಗೆ ಸುಲಿದು, ಬೆಳಗ್ಗೆದ್ದು ದೋಸೆ ಎರೆಯುವ ಹೆಂಗಸರನ್ನು ಯಾರೂ ಏನೂ ಕೇಳುವುದಿಲ್ಲ.

ಸಿನಿಮಾದ ಕೊನೆಯಲ್ಲಿ ಜ್ಯಾಕ್‌ಗೆ ಹಳೆಯ ಕೆಲಸವೇ ಸಿಗುತ್ತದೆ. ಅದು ನನಗೆ ಒಪ್ಪಿಗೆಯಿಲ್ಲ. ಮನೆಯಲ್ಲೇ ಉಳಿಯುವ ಅಪ್ಪನನ್ನು ತೋರಿಸುವ ಧೈರ್ಯ ಆ ಚಿತ್ರಕ್ಕೆ ಬರಲಿಲ್ಲ. ನಿಜ ಬದುಕಿನಲ್ಲೂ ಅಪ್ಪ ಮನೆಯಲ್ಲಿ ಉಳಿಯಲು ಅವಕಾಶ ಕಡಿಮೆ: ನಮ್ಮಲ್ಲಿ ಕೇಂದ್ರ ಸರ್ಕಾರಿ ನೌಕರನಿಗೂ ಪಿತೃತ್ವ ರಜೆ 15 ದಿನ ಮಾತ್ರ. ಎಳೆಗೂಸಿರುವ ಅಪ್ಪಂದಿರೇ, ಸಿಕ್ಕಷ್ಟು ರಜೆಯನ್ನಾದರೂ ಪೂರ್ತಿ ಮಗುವಿನೊಂದಿಗೆ ಕಳೆಯಿರಿ.