ಕಾಡಂಚಿನ ಡೇರೆ: ಹಣ ಹೂಡುವ ಮುನ್ನ ಒಂದು ಲೆಕ್ಕ

ರಾತ್ರಿ 9 ಗಂಟೆಯಾಯಿತೆಂದರೆ ಗುಂಡ್ಲುಪೇಟೆಯಿಂದ ಮುಂದಕ್ಕೆ ಹೋಗುವ ಎರಡು ಹೆದ್ದಾರಿಗಳು ಮುಚ್ಚುತ್ತವೆ. ಊಟಿಯ ದಾರಿಯಲ್ಲಿ ಮೇಲುಕಾಮನಹಳ್ಳಿ, ಸುಲ್ತಾನ್ ಬತ್ತೇರಿಯ ದಾರಿಯಲ್ಲಿ ಮದ್ದೂರು ತಪಾಸಣಾ ಠಾಣೆಗಳಲ್ಲಿ ಗೇಟು ಇಳಿದರೆ ಮತ್ತೆ ಏಳುವುದು ಬೆಳಿಗ್ಗೆ 6ಕ್ಕೆ. 2009ರಲ್ಲಿ ಜಾರಿಗೆ ಬಂದ ಈ ನಿರ್ಬಂಧವನ್ನು 2010ರ ಮಾರ್ಚ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಸರಕು ಸಾಗಣೆಯವರಿಗೆ ಇದರಿಂದ ತೊಂದರೆಯಾಯಿತೆಂಬುದು ನಿಜ. ಆದರೆ ಹೊತ್ತು ಮೀರಿ ಬಂದವರು ಇಲ್ಲಿಯೇ ತಂಗಬೇಕಾದ್ದರಿಂದ, ಹಾದುಹೋಗುವ ಊರಾಗಿದ್ದ ಗುಂಡ್ಲುಪೇಟೆಯು ತಂಗುವ ಊರೂ ಆಯಿತು.

ಮೈಸೂರಿನಿಂದ ಸುಮಾರು 60 ಕಿಲೋಮೀಟರ್ ದೂರದ ಈ ಪಟ್ಟಣದ ಸುತ್ತ, ಹಾಗೂ ಅಲ್ಲಿಂದ ಸುಮಾರು 35 ಕಿಲೋಮೀಟರ್ ಪೂರ್ವಕ್ಕಿರುವ ಚಾಮರಾಜನಗರದ ಸುತ್ತ, ಈಚಿನ ವರ್ಷಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತಿದೆ. ಕಾಡಿನ ಅಂಚಿನಲ್ಲಿ ಎರಡೆಕರೆ ಜಮೀನಿದೆ. ಕಟ್ಟಡ ಕಟ್ಟುವಷ್ಟು ಬಂಡವಾಳವಿಲ್ಲ. ಹತ್ತು ಡೇರೆ ಹಾಕಿ ಪ್ರವಾಸಿಗರನ್ನು ಇರಿಸಿಕೊಂಡರೆ ಹೇಗೆ? ಈ ಪ್ರಶ್ನೆಯನ್ನು ಕೇಳುವವರಲ್ಲಿ ರೈತರಿಗಿಂತ ವರ್ತಕರೇ ಹೆಚ್ಚೆಂದರೆ ತಪ್ಪಾಗಲಾರದು.

ಈ ಸೀಮೆಗೆ ಡೇರೆ ಹೊಸತೇನಲ್ಲ. 1870ರ ದಶಕದಲ್ಲಿ ಆನೆ ಹಿಡಿಯುವ ಖೆಡ್ಡಾ ಕಾರ್ಯಕ್ಕಾಗಿ ಜಿ.ಪಿ. ಸ್ಯಾಂಡರ್ಸನ್ ಚಾಮರಾಜನಗರದ ಸುತ್ತಲ ಕಾಡುಗಳಲ್ಲಿ ಬಿಡಾರ ಹೂಡಿದ್ದರು. ಮೈಸೂರು ಅರಸರ ಬೇಟೆಯ ಕಾಲದ ಬಂಗಲೆಯೊಂದು ಬಿಳಿಗಿರಿರಂಗನ ಬೆಟ್ಟ ಸಾಲಿನ ಕ್ಯಾತೇದೇವರ ಗುಡಿಯಲ್ಲಿ ಇಂದಿಗೂ ಇದೆ. ಅದರ ಆವರಣದಲ್ಲಿಯೇ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯು ಡೇರೆ ಕುಟೀರಗಳ ಶಿಬಿರ ನಡೆಸುತ್ತಿದೆ. 1980ರ ದಶಕದ ಆದಿಯಲ್ಲಿ ಕಬಿನಿ ಹಿನ್ನೀರಿನ ದಂಡೆಯಲ್ಲಿ ವಸತಿ ಆರಂಭಿಸಿದ ಈ ಸಂಸ್ಥೆಗೆ ಬಂಡೀಪುರದ ಹೆದ್ದಾರಿ ಬದಿಯಲ್ಲಿಯೂ ವಸತಿಗೃಹವಿದೆ. ಹನೂರು ತಾಲ್ಲೂಕಿನ ತಮಿಳುನಾಡು ಗಡಿಯಲ್ಲಿರುವ ಗೋಪಿನಾಥಂನಲ್ಲಿಯೂ ಸಂಸ್ಥೆಯ ಡೇರೆ ಶಿಬಿರವಿದೆ. ವೀರಪ್ಪನ್ ಹುಟ್ಟಿದ ಊರೆಂದು ಜನ ಹೆಸರು ಹೇಳಲೂ ಹೆದರುತ್ತಿದ್ದ ಗ್ರಾಮಕ್ಕೆ ಹಣ ಕೊಟ್ಟು ಹೋಗಿ ಮಲಗುವವರು ಬಂದಿರುವುದು ಕಾಲದ ವೈಚಿತ್ರ್ಯವೇ ಸರಿ.

ಖಾಸಗಿ ವಸತಿಗಳು ಮುಖ್ಯವಾಗಿ ಮಂಗಲ ಗ್ರಾಮದ ಸುತ್ತ ಹಾಗೂ ಊಟಿ ರಸ್ತೆಯ ಆಸುಪಾಸಿನಲ್ಲಿವೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನಗಳಿಗೆ ಪ್ರವೇಶವಿಲ್ಲ. ತಪ್ಪಲಿನಿಂದ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಹೋಗಿ ಹಗಲಿನಲ್ಲಿಯೇ ಇಳಿಯಬೇಕು. ಸುವರ್ಣಾವತಿ ಮತ್ತು ಚಿಕ್ಕಹೊಳೆ ಜಲಾಶಯಗಳ ನೋಟ ಎಷ್ಟೇ ಚೆಲುವಾಗಿದ್ದರೂ ಅವು ಸರ್ಕಾರದ ಆಸ್ತಿ. ಇಲಾಖೆಯ ಅನುಮತಿಯಿಲ್ಲದೆ ದಂಡೆಯ ಮೇಲೆ ಗುಡಾರ ಹೂಡುವಂತಿಲ್ಲ. ಇನ್ನು ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಸ್ವಂತ ಡೇರೆ ಹಾಕಿಕೊಳ್ಳುವ ಮಾತೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದ ಪ್ರವೇಶವೇ ಅಪರಾಧ.

ತಾತ್ಕಾಲಿಕವೆಂಬ ಭ್ರಮೆ

ಡೇರೆ ಕಟ್ಟಡವಲ್ಲ, ಆದ್ದರಿಂದ ಅದಕ್ಕೆ ಯಾರ ಅಪ್ಪಣೆಯೂ ಬೇಡ ಎಂಬ ನಂಬಿಕೆ ವ್ಯಾಪಕವಾಗಿದೆ. ಈ ನಂಬಿಕೆಯಿಂದಲೇ ಹೆಚ್ಚಿನ ನಷ್ಟಗಳು ಹುಟ್ಟುವುದು. ಬಂಡೀಪುರದ ಸುತ್ತಲಿನ ಪ್ರದೇಶವನ್ನು 2012ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವು ಪರಿಸರ ಸೂಕ್ಷ್ಮ ವಲಯವೆಂದು ಅಧಿಸೂಚಿಸಿತು. ಅಂತಹ ವಲಯದಲ್ಲಿ ಪ್ರವಾಸಿ ವಸತಿಯು ನಿಯಂತ್ರಿತ ಚಟುವಟಿಕೆ. ಕಾಂಕ್ರೀಟ್ ಇಲ್ಲವೆಂಬ ಒಂದೇ ಕಾರಣಕ್ಕೆ ಅನುಮತಿಯ ಅಗತ್ಯ ತಪ್ಪುವುದಿಲ್ಲ. ಬಿಳಿಗಿರಿರಂಗನ ಬೆಟ್ಟವು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ ಸೋಲಿಗರ ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಾಮುದಾಯಿಕ ಹಕ್ಕುಗಳೂ ದೊರೆತವು. ಎಂದರೆ ಆ ಬೆಟ್ಟದಲ್ಲಿ ಅರಣ್ಯ ಇಲಾಖೆಯೊಡನೆ ಪೋಡುಗಳ ಜನರೂ ಹಕ್ಕುದಾರರು. ಜಮೀನು ಕೊಡಿಸುವ ಮಧ್ಯವರ್ತಿ ಇದನ್ನು ಹೇಳುವುದಿಲ್ಲ.

ಕೃಷಿ ಜಮೀನಾದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಪ್ರಕರಣದಂತೆ ಪರಿವರ್ತನೆ ಆಗಬೇಕು. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಭೂಮಿಯನ್ನು ಕೊಳ್ಳಬಹುದು. ಕೊಳ್ಳಬಹುದಾದ ಮಾತ್ರಕ್ಕೆ ಅದರಲ್ಲಿ ವ್ಯಾಪಾರ ನಡೆಸಬಹುದೆಂದು ಅರ್ಥವಲ್ಲ. ಜಮೀನು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾದುದಾಗಿದ್ದರೆ 1978ರ ಕಾಯ್ದೆ ಅಡ್ಡ ಬರುತ್ತದೆ. ಆ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯ ನಂತರ, ಬಹಳ ಕಾಲ ಕಳೆದಿದೆ ಎಂಬ ವಾದವನ್ನೇ ಕೊಂಡವನು ನೆಚ್ಚಿಕೊಳ್ಳುವಂತಿಲ್ಲ. ಪಹಣಿಯೊಂದನ್ನೇ ನೋಡಿ ಮುಂಗಡ ಕೊಡುವುದಕ್ಕಿಂತ ಮೂಲ ಮಂಜೂರಾತಿ ಕಡತವನ್ನು ತೆಗೆಸಿ ನೋಡಲು ಒಂದು ತಿಂಗಳು ಕಾಯುವುದು ಲೇಸು.

ಹತ್ತು ಡೇರೆಗಳ ಜಮಾ-ಖರ್ಚು

ಕಾಗದಪತ್ರಗಳೆಲ್ಲವೂ ಸರಿಯಿವೆ, ಅನುಮತಿಯೂ ದೊರೆತಿದೆ ಎಂದೇ ಭಾವಿಸೋಣ. ಕೆಳಗಿನ ಅಂಕಿಗಳು ಉದಾಹರಣೆಗೆಂದು ಹಿಡಿದವು. ಪ್ರತಿಯೊಬ್ಬರೂ ತಮ್ಮ ಅಂಕಿಗಳನ್ನು ಹಾಕಿಕೊಂಡು ನೋಡಬಹುದು. ವರ್ಷದ ಶನಿವಾರ, ಭಾನುವಾರಗಳು 104; ಇತರ ರಜೆಗಳು 26; ಒಟ್ಟು 130 ರಾತ್ರಿಗಳು. ವಾರದ ನಡುವಿನ ದಿನಗಳ ಆದಾಯವನ್ನು ನಂಬುವಂತಿಲ್ಲವಾದ್ದರಿಂದ ಅದನ್ನು ಬಿಟ್ಟಿದೆ. ಹತ್ತರಲ್ಲಿ ಸರಾಸರಿ ಆರು ಡೇರೆ ತುಂಬಿದರೆ 780 ಡೇರೆ-ರಾತ್ರಿಗಳು. ಊಟ ಸೇರಿ ಇಬ್ಬರಿಗೆ 3,500 ರೂಪಾಯಿಯಂತೆ ಜಮಾ 27,30,000 ರೂಪಾಯಿ.

ಖರ್ಚಿನ ಕಡೆ ಆರು ಮಂದಿ ಕೆಲಸಗಾರರಿಗೆ ತಿಂಗಳಿಗೆ 15,000ದಂತೆ 10,80,000. ಊಟದ ಸಾಮಗ್ರಿಗೆ ಡೇರೆಯೊಂದಕ್ಕೆ 900ರಂತೆ 7,02,000. ಅರ್ಧದಷ್ಟು ಗಿರಾಕಿಗಳು ಅಂತರ್ಜಾಲದ ಏಜೆಂಟರ ಮೂಲಕ ಬಂದರೆ ಶೇಕಡಾ 20ರಂತೆ ದಲ್ಲಾಳಿ 2,73,000. ವಿದ್ಯುತ್ತು, ಇಂಧನ, ರಿಪೇರಿಗೆ 2,40,000. ಒಟ್ಟು 22,95,000. ಉಳಿಯುವುದು 4,35,000.

ಹೆಚ್ಚಿನವರು ಇಲ್ಲಿಗೆ ನಿಲ್ಲಿಸಿ ಸಂತೋಷಪಡುತ್ತಾರೆ. ಆದರೆ ಮುಂಗಾರು ಹಾಗೂ ಹಿಂಗಾರು ಎರಡೂ ಬೀಳುವ ಈ ಜಿಲ್ಲೆಯಲ್ಲಿ ಬೇಸಿಗೆಯ ಬಿಸಿಲನ್ನೂ ಉಂಡ ಕ್ಯಾನ್ವಾಸ್ ನಾಲ್ಕು ವರ್ಷ ಬಾಳಿದರೆ ಹೆಚ್ಚು. ಹಾಸುನೆಲ, ಶೌಚಾಲಯ ಸೇರಿ ಡೇರೆಯೊಂದಕ್ಕೆ ಒಂದೂವರೆ ಲಕ್ಷವೆಂದರೆ ಹತ್ತಕ್ಕೆ 15 ಲಕ್ಷ; ವರ್ಷದ ಸವಕಳಿ 3,75,000. ನಿಜವಾದ ಉಳಿಕೆ 60,000 ರೂಪಾಯಿ. ಇದರಲ್ಲಿ ಬ್ಯಾಂಕಿನ ಬಡ್ಡಿಯನ್ನೂ ಜಮೀನಿನ ಬೆಲೆಯನ್ನೂ ಇನ್ನೂ ಕಳೆದಿಲ್ಲ.

ತೆರಿಗೆಯ ಮಾತನ್ನು ಚಿಕ್ಕದಾಗಿ ಹೇಳಬಹುದು. ವಹಿವಾಟು 20 ಲಕ್ಷ ದಾಟುವುದರಿಂದ ಜಿ.ಎಸ್.ಟಿ. ನೋಂದಣಿ ಕಡ್ಡಾಯ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ವಸತಿಗೆ ಶೇಕಡಾ 5ರ ದರವಿದ್ದು, ಇನ್‌ಪುಟ್ ತೆರಿಗೆಯ ಜಮೆ ಇಲ್ಲ. ಡೇರೆ, ಮಂಚ, ಹಾಸಿಗೆ ಕೊಳ್ಳುವಾಗ ತೆತ್ತ ತೆರಿಗೆಯೆಲ್ಲ ಖರ್ಚಿಗೇ ಸೇರುತ್ತದೆ. ಜಮೀನು ಕೃಷಿಯದಾದರೂ ಡೇರೆಯ ಬಾಡಿಗೆ ಕೃಷಿ ಆದಾಯವಾಗದು.

ಸಫಾರಿ ನಿಂತ ದಿನಗಳು

ಮೇಲಿನ 60,000 ಎಷ್ಟು ತೆಳುವೆಂಬುದನ್ನು 2025ರ ನವೆಂಬರ್ ತೋರಿಸಿಕೊಟ್ಟಿತು. ಹುಲಿ ದಾಳಿಯಲ್ಲಿ ಮೈಸೂರು ಜಿಲ್ಲೆಯ ಕಾಡಂಚಿನ ಗ್ರಾಮಸ್ಥರು ಪ್ರಾಣ ಕಳೆದುಕೊಂಡಾಗ ರಾಜ್ಯ ಸರ್ಕಾರವು ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿಯನ್ನು ನಿಲ್ಲಿಸಿತು. ಗ್ರಾಮಸ್ಥರ ಕೋಪಕ್ಕೆ ಕಾರಣವಿತ್ತು. ಅರಣ್ಯ ಸಿಬ್ಬಂದಿ ಹುಲಿಯನ್ನು ಹುಡುಕಬೇಕೇ ಹೊರತು ಪ್ರವಾಸಿಗರಿಗೆ ತೋರಿಸುತ್ತಿರಬಾರದೆಂಬುದು ಅವರ ವಾದ. ವ್ಯಾಪಾರದ ದೃಷ್ಟಿಯಿಂದ ಮಾತ್ರ ಇದು ಒಂದೇ ಗಿರಾಕಿಯನ್ನು ನಂಬಿದ ಕಾರ್ಖಾನೆಯ ಸ್ಥಿತಿ. ಮೇಲಿನ ಉದಾಹರಣೆಯಲ್ಲಿಯೇ ಹದಿನೆಂಟು ರಾತ್ರಿಗಳು ಖಾಲಿ ಹೋದರೆ 3,78,000 ರೂಪಾಯಿ ಜಮಾ ತಪ್ಪುತ್ತದೆ. ಊಟ ಮತ್ತು ದಲ್ಲಾಳಿಯಲ್ಲಿ 1,35,000 ಉಳಿದರೂ 2,43,000 ನಷ್ಟ. ವರ್ಷದ ಲೆಕ್ಕ 1,83,000 ರೂಪಾಯಿ ನಷ್ಟಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಬೆಂಕಿಯ ಭಯ ಬೇರೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಸುಟ್ಟುಹೋದುದನ್ನು ಕಂಡವರು ಡೇರೆಯ ಮುಂದೆ ಶಿಬಿರಾಗ್ನಿ ಹಾಕುವ ಜಾಹೀರಾತನ್ನು ಮೆಚ್ಚಲಾರರು.

ಹಾಗೆಂದು ಈ ಕಸುಬೇ ಕೂಡದೆಂದಲ್ಲ. ಸಫಾರಿಯನ್ನು ನಂಬದೆ ನಡೆಯುವ ಜಾಗಗಳು ಗುಂಡ್ಲುಪೇಟೆ ತಾಲ್ಲೂಕಿನಲ್ಲಿಯೇ ಇವೆ. ಮುಂಗಾರಿನಲ್ಲಿ ಸೂರ್ಯಕಾಂತಿ, ಚೆಂಡುಹೂಗಳು ಅರಳಿದಾಗ ರಸ್ತೆ ಬದಿಯ ಹೊಲಗಳ ಮುಂದೆ ಕಾರುಗಳು ಸಾಲುಗಟ್ಟುತ್ತವೆ. ಓಣಂ ಹಬ್ಬಕ್ಕೆ ಇಲ್ಲಿಂದ ಕೇರಳಕ್ಕೆ ಹೂ ಹೋಗುತ್ತದೆ. ಆ ಕಾರುಗಳಲ್ಲಿ ಬಂದವರು ಹುಲಿಯನ್ನು ಕಾಣಲು ಬಂದವರಲ್ಲ. ಕಾಡಿನಿಂದ ದೂರವಿರುವ, ಸೂಕ್ಷ್ಮ ವಲಯದ ಹೊರಗಿನ ತೋಟದಲ್ಲಿ ಮೂರು ನಾಲ್ಕು ಡೇರೆ, ಮನೆಯವರದೇ ಅಡುಗೆ, ಇಬ್ಬರೇ ಕೆಲಸಗಾರರು ಎಂದಾದರೆ ವೇತನದ ಭಾರ ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ, ವಹಿವಾಟು 20 ಲಕ್ಷದೊಳಗೆ ಉಳಿಯುತ್ತದೆ.

ಸಣ್ಣ ಕೈಗಾರಿಕೆಯವರಿಗೆ ಇನ್ನೊಂದು ದಾರಿಯೂ ಇದೆ: ಡೇರೆ ನಡೆಸುವುದಲ್ಲ, ಡೇರೆಗೆ ಬೇಕಾದುದನ್ನು ಒದಗಿಸುವುದು. ಕ್ಯಾನ್ವಾಸ್ ಹೊಲಿಗೆ, ಕಬ್ಬಿಣದ ಚೌಕಟ್ಟು, ಮಡಿಸುವ ಮಂಚ, ಸೌರ ದೀಪ, ಇವೆಲ್ಲಕ್ಕೂ ನಾಲ್ಕು ವರ್ಷಕ್ಕೊಮ್ಮೆ ಬದಲಿ ಬೇಡಿಕೆ ಇದ್ದೇ ಇದೆ. ಬದನಗುಪ್ಪೆ-ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶವು ಚಾಮರಾಜನಗರದ ಪಕ್ಕದಲ್ಲಿಯೇ ಇದೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು, ಕಾಡಿಗೆ ಪಿಡುಗಾಗಿರುವ ಲಂಟಾನಾ ಗಿಡದ ಕೋಲುಗಳಿಂದ ಕುರ್ಚಿ, ಮೇಜು ಮಾಡುತ್ತಾರೆ. ಅಂತಹ ಪೀಠೋಪಕರಣವನ್ನು ತರಿಸುವ ವಸತಿಗೃಹಗಳು ಇನ್ನೂ ಹೆಚ್ಚಾಗಬೇಕು.

ಸಾಲದ ಮೇಲೆ ಮಾಲು ಕೊಡುವವರು ಒಂದನ್ನು ಗಮನಿಸಬೇಕು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯಂತೆ ಸೂಕ್ಷ್ಮ ಹಾಗೂ ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಸಂದಾಯವಾಗಬೇಕು, ತಡವಾದರೆ ಚಕ್ರಬಡ್ಡಿ. ಆದರೆ ಈ ರಕ್ಷಣೆ ತಯಾರಕರಿಗೆ ಮತ್ತು ಸೇವೆ ಒದಗಿಸುವವರಿಗೆ ಮಾತ್ರ. ಮಾಲು ಕೊಂಡು ಮಾರುವ ವರ್ತಕರಿಗೆ ಉದ್ಯಮ್ ನೋಂದಣಿಯಿದ್ದರೂ ಇದು ದೊರೆಯದು. ಸಫಾರಿ ನಿಂತ ತಿಂಗಳಿನಲ್ಲಿ ವಸತಿಗೃಹದವರು ಮೊದಲು ತಡೆಹಿಡಿಯುವುದು ಇಂತಹ ವರ್ತಕರ ಬಾಕಿಯನ್ನೇ ಆದ್ದರಿಂದ, ಆರ್ಡರು ಒಪ್ಪಿಕೊಳ್ಳುವಾಗಲೇ ಅರ್ಧದಷ್ಟು ಮುಂಗಡ ಪಡೆಯುವುದು ರೂಢಿಯಾಗಬೇಕು.